ಮೂರೇಟು ಹೊಡಿ, ಹಿಂದೆ ಬಾ

ನಮ್ಮತ್ತೆಯ ಬಲಗೈ ಹೆಬ್ಬೆರಳು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತಿತ್ತು. ವಿಮಾ ಕಚೇರಿಯಲ್ಲಿ ಫೈಲುಗಳಿಗೆ ಮೊಹರು ಒತ್ತಿ ಒತ್ತಿ ಹಾಗಾಯಿತು ಎಂದು ಅವರೇ ಹೇಳುತ್ತಿದ್ದರು. ನನ್ನ ಕಣ್ಣಿಗೆ ಕಟ್ಟಿರುವುದು ಮಾತ್ರ ಆ ಹೆಬ್ಬೆರಳು ಅರಿಶಿನ ಮೆತ್ತಿಕೊಂಡು ವಿಡಿಯೋ ಗೇಮಿನ ಕಂಟ್ರೋಲರ್ ಮೇಲೆ ಕೂತಿದ್ದು. ಎದುರಿಗೆ ಟೀವಿಯಲ್ಲಿ ಹೆಣವೊಂದು ಎದ್ದು ತೂರಾಡಿಕೊಂಡು ಬರುತ್ತಿತ್ತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೋಫಾದ ತುದಿಯಲ್ಲಿ ಕೂತು, ಬಾ ಬಾ ಎಂದು ಅದನ್ನು ಕಾಯುತ್ತಿದ್ದರು.

ಆಟ ನನ್ನ ಗಂಡನದು. ಸತ್ತವರೆಲ್ಲ ಎದ್ದು ಊರು ತುಂಬ ಅಲೆಯುತ್ತಾರೆ, ಬದುಕಿ ಉಳಿದವಳೊಬ್ಬಳು ಕೈಗೆ ಸಿಕ್ಕ ದೊಣ್ಣೆಯನ್ನೋ ಬಾಣಲೆಯನ್ನೋ ಹಿಡಿದು ಅವರಿಂದ ತಪ್ಪಿಸಿಕೊಂಡು ದಿನ ದೂಡಬೇಕು. ಗಂಡ ಅವನ್ನು ಜೋಂಬಿ ಎನ್ನುತ್ತಿದ್ದ. ಅತ್ತೆಗೆ ಅವು ಪ್ರೇತಗಳು. "ಇವಕ್ಕೆ ಕರ್ಮ ಶರಿಯಾಗಿ ಆಗಿಲ್ಲಮ್ಮ. ವಾಧ್ಯಾರ್ ಅರ್ಧ ಮಂತ್ರ ನುಂಗಿಬಿಟ್ಟಿರ್ತಾರೆ, ಅದಕ್ಕೇ ಇಪ್ಪಡಿ ಅಲೀತಿವೆ" ಎಂದು ಅವರ ವಾದ. ಒಂದೊಂದನ್ನೂ ಹೊಡೆದು ಕೆಡವಿದಾಗ "ಹೋಗಪ್ಪಾ, ಸದ್ಗತಿ ಆಗ್ಲಿ" ಎನ್ನುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಆಟ ಬಂದ್. ಮುಸ್ಸಂಜೆಯಲ್ಲಿ ಪ್ರೇತಗಳನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದಂತೆ. ಮಧ್ಯಾಹ್ನ ಊಟವಾಗಿ, ಕಾಫಿಗೆ ಮುಂಚೆ ಬಿಟ್ಟುಕೊಂಡರೆ ಅಡ್ಡಿಯಿಲ್ಲ.

ನಾನು ತುಮಕೂರಿನ ಕಡೆಯವಳು. ಮದುವೆಯಾಗಿ ಪೋರೂರಿನ ಈ ಮನೆಗೆ ಬಂದಾಗ ಇವರ ಮಾತು ಕೇಳಿ ಕಕ್ಕಾಬಿಕ್ಕಿಯಾಗಿದ್ದೆ. ಮೂರು ತಲೆಮಾರಿನ ಹಿಂದೆ ರೈಲ್ವೆ ಕೆಲಸಕ್ಕೆಂದು ಮದರಾಸಿಗೆ ಬಂದ ವೈಷ್ಣವ ಮನೆತನ. ಮಾತು ಅರ್ಧ ಕನ್ನಡ, ಅರ್ಧ ತಮಿಳು. ನನ್ನ ಗಂಡನನ್ನು ಕನ್ನಡದಲ್ಲಿ ಬೈದರೂ ಉತ್ತರ ತಮಿಳಿನಲ್ಲೇ ಬರುತ್ತದೆ. ಅತ್ತೆ ನನ್ನ ಮಾತನ್ನು ಪೇಪರ್ ಕನ್ನಡ ಎಂದು ಆಡಿಕೊಳ್ಳುತ್ತಿದ್ದರು. ನಾನೇನು ಸುಮ್ಮನಿರುವವಳೇ, ನಿಮ್ಮದು ಸಾಂಬಾರ್ ಕನ್ನಡ ಎಂದು ತಿರುಗಿಸಿ ಹೇಳುತ್ತಿದ್ದೆ. ನಮ್ಮಿಬ್ಬರ ಸ್ನೇಹ ಅಲ್ಲಿಂದಲೇ ಶುರುವಾಗಿದ್ದು.

ಆಗ ನಾನು ಶೋಳಿಂಗನಲ್ಲೂರಿನ ಒಂದು ಆಫೀಸಿನಲ್ಲಿ ಕೆಲಸದಲ್ಲಿದ್ದೆ. ಕ್ಯಾಬಿನಲ್ಲಿ ಹೋಗಿ ಬರುತ್ತಿದ್ದೆ, ಮನೆಗೆ ಬಂದು ಅಡುಗೆಗೂ ಕೈ ಹಾಕುತ್ತಿದ್ದೆ. ಒಂದು ಸಲ ಜ್ವರ ಬಂತು. ಜ್ವರ ಹೋಯಿತು, ಶಕ್ತಿ ವಾಪಸು ಬರಲಿಲ್ಲ. ತಲೆ ಬಾಚಿಕೊಂಡರೆ ತೋಳು ಸೋಲುತ್ತಿತ್ತು, ಸ್ನಾನ ಮಾಡಿ ಬಂದರೆ ಮತ್ತೆ ಮಲಗಬೇಕಾಗುತ್ತಿತ್ತು. ಡಾಕ್ಟರು ರಿಪೋರ್ಟುಗಳನ್ನೆಲ್ಲ ನೋಡಿ, ಎಲ್ಲ ನಾರ್ಮಲ್, ಕೆಲವರಿಗೆ ಜ್ವರದ ಮೇಲೆ ಈ ಸುಸ್ತು ಬಹಳ ಕಾಲ ಇರುತ್ತದೆ, ಕಾಯಬೇಕು ಎಂದರು. ರಿಪೋರ್ಟಿನಲ್ಲಿ ಕಾಣದ ಕಾಯಿಲೆಗೆ ನಮ್ಮ ಜನ ಇಟ್ಟಿರುವ ಹೆಸರು ಒಂದೇ, ಸೋಮಾರಿತನ. ಗಂಡಸಿಗೆ ಬಂದರೆ ಅದನ್ನೇ ಸ್ಟ್ರೆಸ್ ಎನ್ನುತ್ತಾರೆ. ಆಫೀಸಿನಿಂದ ರಜೆಯೇನೋ ಸಿಕ್ಕಿತು, ಆದರೆ ಅದು ಮುಗಿಯುತ್ತ ಬಂದ ಹಾಗೆ ಗಂಡ ತನ್ನ ತಮಿಳಿನಲ್ಲಿ, "ರಿಸೈನ್ ಮಾಡಿಬಿಡು, ನಾನಿದ್ದೀನಲ್ಲ" ಎಂದು ಶುರುಮಾಡಿದ. ಪ್ರೀತಿಯಿಂದಲೇ ಹೇಳಿದ. ಅದೇ ನನಗೆ ಹೆಚ್ಚು ಉರಿದದ್ದು. ಆ ಕೆಲಸ ನಾನು ಕಷ್ಟಪಟ್ಟು ಗಳಿಸಿಕೊಂಡದ್ದು. ಅದು ಹೋದರೆ ನಾನು ಈ ಸುಸ್ತಿನ ಜೊತೆ ಒಬ್ಬಳೇ ಮನೆಯಲ್ಲಿ ಉಳಿಯುತ್ತೇನೆ ಎಂಬ ಭಯ ನನಗೆ ಹಗಲೂ ರಾತ್ರಿ ಇತ್ತು.

ಮಧ್ಯಾಹ್ನ ಮಲಗಿದ್ದಲ್ಲೇ ಅತ್ತೆಯ ಆಟ ನೋಡುತ್ತಿದ್ದೆ. ಒಂದು ಭಾನುವಾರ ಗಂಡನೂ ಪಕ್ಕದಲ್ಲಿ ಕೂತ. ಅವನು ಆಡುವ ರೀತಿಯೇ ಬೇರೆ: ದೊಡ್ಡ ಕೊಡಲಿ ಹಿಡಿದು ಗುಂಪಿನೊಳಗೆ ನುಗ್ಗಿ, ಕಣ್ಣುಮುಚ್ಚಿ ಬೀಸಿ, ಸ್ವಲ್ಪ ಹೊತ್ತಿಗೆಲ್ಲ ಸಾಯುತ್ತಾನೆ. ಅತ್ತೆ ಹಾಗಲ್ಲ. ಹಗುರವಾದ ದೊಣ್ಣೆ. ಒಂದು ಪ್ರೇತವನ್ನು ಮಾತ್ರ ಗುಂಪಿನಿಂದ ಬಿಡಿಸಿ ಕರೆದು ತಂದು ಮೂರೇಟು ಹೊಡೆಯುವುದು, ಹಿಂದೆ ಬರುವುದು, ನಿಲ್ಲುವುದು. ಅದು ಮತ್ತೆ ಹತ್ತಿರ ಬಂದರೆ ಮತ್ತೆ ಮೂರು. ಆವತ್ತು ಪೆಟ್ರೋಲ್ ಬಂಕೊಂದರ ಎದುರು ಗುಂಪೇ ಬಂದುಬಿಟ್ಟಿತು. ಅತ್ತೆ ಆಟದ ಹುಡುಗಿಯ ಬೆನ್ನಿನ ಚೀಲವನ್ನು ಅಲ್ಲೇ ಬಿಸಾಡಿ ಹಿಂದೆ ಸರಿಯತೊಡಗಿದರು.

ಹೆದರಿ ಓಡುವುದೇಕೆ, ಹೊಡಿ ಎಂದು ಗಂಡ ತಲೆ ಚಚ್ಚಿಕೊಂಡ. "ಏಮ್ಮಾ ಬಯಂದು ಓಡ್ರೆ? ಅಡಿಮ್ಮಾ."

"ಬಯ ಯಾರಿಗೋ? ಓಡ್ತಿಲ್ಲ, ನಡೀತಿದೀನಿ. ಓಡಿದ್ರೆ ಮೂಚ್ಚು ವಾಂಗತ್ತೆ, ಏದುಸಿರು ಬರತ್ತೆ. ಕೈ ಅಸದಿ ಆಗಿದೆ ಅವಳಿಗೆ, ಕೆಳಗೆ ಪಟ್ಟೆ ನೋಡು."

ಪರದೆಯ ಕೆಳಗೆ ಒಂದು ಸಣ್ಣ ಪಟ್ಟೆ ಇರುತ್ತದೆ. ಹೊಡೆದಷ್ಟೂ ಓಡಿದಷ್ಟೂ ಅದು ಕರಗುತ್ತದೆ. ಪೂರ್ತಿ ಕರಗಿದರೆ ಆ ಹುಡುಗಿಯ ತೋಳು ಜೋತುಬೀಳುತ್ತದೆ, ಏಟಿಗೆ ನೊಣ ಓಡಿಸುವಷ್ಟೂ ಬಲವಿರುವುದಿಲ್ಲ. ಬಾಗಿಲು ಹಾಕಿಕೊಂಡು ನೆಲದ ಮೇಲೆ ಕೂತರೆ ಪಟ್ಟೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ಅತ್ತೆ ಅವಳನ್ನು ಬಂಕಿನ ಹಿಂದಿನ ಕೋಣೆಗೆ ಸೇರಿಸಿ, ಬಾಗಿಲು ಹಾಕಿ, ಗೋಡೆಗೆ ಒರಗಿಸಿ ಕೂರಿಸಿದರು. ಹೊರಗೆ ಪ್ರೇತಗಳು ದಬದಬ ಬಡಿಯುತ್ತಿದ್ದವು. ಅತ್ತೆ ಕಂಟ್ರೋಲರ್ ಮಡಿಲಲ್ಲಿಟ್ಟುಕೊಂಡು ಆರಾಮವಾಗಿ ಎಲೆಯಡಿಕೆ ಹಾಕಿಕೊಂಡರು.

"ಅಸದಿ ಬೇರೆ, ಸೋಂಬೇರಿತನ ಬೇರೆ," ಎಂದರು ಮಗನಿಗೆ. ಅಸದಿ ಎಂದರೆ ತಮಿಳಿನಲ್ಲಿ ಆಯಾಸ. ಆಮೇಲೆ ನನ್ನ ಕಡೆ ತಿರುಗಿದರು. "ನಿಂದೂ ಇದೇ ತಾನೆ? ನಿನ್ನ ಪಟ್ಟೆ ಹೊರಗಿನವರಿಗೆ ಕಾಣಲ್ಲ, ಅಷ್ಟೇ."

ನಾನು ಅತ್ತುಬಿಟ್ಟೆ. ತಿಂಗಳುಗಳಿಂದ ಯಾರಾದರೊಬ್ಬರು ಈ ಮಾತು ಹೇಳಲಿ ಎಂದು ಕಾದಿದ್ದೆ. ಗಂಡ ಗಾಬರಿಯಾಗಿ ನೀರು ತಂದುಕೊಟ್ಟ.

ಅಂದಿನಿಂದ ಮನೆಯಲ್ಲೂ ಅತ್ತೆಯ ಯುದ್ಧನೀತಿ ಜಾರಿಗೆ ಬಂತು. ಅರ್ಧ ಪಾತ್ರೆ ತೊಳೆಯುವಷ್ಟರಲ್ಲಿ ಹಾಲ್‌ನಿಂದ ಕೂಗು: "ಸಾಕು, ಹಿಂದೆ ಬಾ. ಪಾತ್ರೆ ಎಲ್ಲೂ ಓಡಿಹೋಗಲ್ಲ." ಸುಸ್ತಾದ ಮೇಲೆ ಕೂರುವುದಲ್ಲ, ಸುಸ್ತಾಗುವ ಮುಂಚೆ ಕೂರಬೇಕು ಎಂಬುದು ಅವರ ಕಟ್ಟಪ್ಪಣೆ. ಪಟ್ಟೆ ಪೂರ್ತಿ ಖಾಲಿಯಾದರೆ ತುಂಬುವುದಕ್ಕೆ ಎರಡರಷ್ಟು ಹೊತ್ತು ಬೇಕು, ಆಟದಲ್ಲಿ ಸತ್ತು ಸತ್ತು ಕಲಿತಿದ್ದೀನಿ ಎನ್ನುತ್ತಿದ್ದರು. ಹಾಗೆಂದು ಮುದ್ದು ಮಾಡುವ ಹೆಂಗಸಲ್ಲ. ಚೇತರಿಸಿಕೊಂಡ ಮೇಲೂ ನಾನು ಹೊದ್ದು ಮಲಗಿದರೆ ಬಂದು ಹೊದಿಕೆ ಎಳೆಯುತ್ತಿದ್ದರು. "ತುಂಬಿದೆ, ಏಳು. ಕೂತ್ಕೊಂಡಿದ್ದು ಯಾತಕ್ಕೆ, ಮತ್ತೆ ಹೊಡೆಯಕ್ಕೆ ತಾನೆ?"

ಮಾವನವರ ಶ್ರಾದ್ಧ ಬಂತು. ನುಂಗಂಬಾಕ್ಕಂನಿಂದ ಮಾವನವರ ಅಕ್ಕ ಬೆಳಿಗ್ಗೆಯೇ ಬಂದಿಳಿದರು. ಹಿರಿಯರು, ಆಚಾರದಲ್ಲಿ ಕಟ್ಟುನಿಟ್ಟು, ನಾಲಗೆಯೂ ಅಷ್ಟೇ ಹರಿತ. ಶ್ರಾದ್ಧದ ಅಡುಗೆ ಮಡಿಯಲ್ಲಿ ಸೊಸೆ ಮಾಡಬೇಕು. ನಮ್ಮ ಮನೆಯಲ್ಲಿ ಅದನ್ನು ನಿಂತೇ ಮಾಡುವುದು. ನಾನು ಒಲೆಯ ಮುಂದೆ ಎಷ್ಟು ಹೊತ್ತು ನಿಲ್ಲಬಲ್ಲೆ ಎಂಬುದು ಅತ್ತೆಗೆ ಗೊತ್ತಿತ್ತು. ಅವರು ಏನು ಮಾಡಿದರು ಗೊತ್ತೇ, ಬಾಲ್ಕನಿಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ಅದಕ್ಕೆ ತಲೆಯಿಂದ ಕಾಲಿನವರೆಗೆ ನೀರು ಸುರಿದು, ಒದ್ದೆ ಕುರ್ಚಿಯನ್ನು ಒಲೆಯ ಮುಂದೆ ತಂದು ಇಟ್ಟರು. ನಾನು ಅದರಲ್ಲಿ ಕೂತು ವಡೆ ತಟ್ಟಿದೆ.

ಮಾವನವರ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟರು. "ಇದೇನೇ ಅನ್ಯಾಯ? ಮಡಿ ಅಡುಗೆ ಚೇರಲ್ಲಿ ಕೂತ್ಕೊಂಡಾ?"

"ಚೇರೂ ಮಡೀನೇ ಅಕ್ಕ, ತಲೆಗೆ ಸ್ನಾನ ಮಾಡಿಸಿದೀನಿ."

"ನಾವೆಲ್ಲ ನಿಂತು ಮಾಡ್ಲಿಲ್ವಾ? ಇವಳಿಗೆ ಏನ್ ಬಂದಿದೆ, ನೋಡಕ್ಕೆ ನಲ್ಲಾ ಗುಂಡುಕಲ್ಲಿನ ಹಾಗೆ ತಾನೆ ಇದಾಳೆ?"

"ಮೇಲಿಂದ ಬಂದಿರೋ ಪಿತೃಗಳು ವಡೆ ನೋಡ್ತಾರೆ, ಚೇರ್ ನೋಡಲ್ಲ. ಚುಮ್ಮಾ ಇರಿ," ಎಂದರು ಅತ್ತೆ. ಗಂಡನ ಅಕ್ಕನಿಗೆ ಅವರು ಎದುರು ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲವಂತೆ. ಊಟ ಮುಗಿಯುವವರೆಗೂ ಹಿರಿಯರು ಮುಖ ಊದಿಸಿಕೊಂಡೇ ಇದ್ದರು. ವಡೆ ಮಾತ್ರ ಎರಡನೇ ಸಲ ಹಾಕಿಸಿಕೊಂಡರು.

ಕೊನೆಗೆ ಆಫೀಸಿನ ಮಾತು ಬಂತು. ಅಲ್ಲಿಯ ಮ್ಯಾನೇಜರ್ ಫೋನಿನಲ್ಲಿ, ಬರುವುದಾದರೆ ಬನ್ನಿ, ಇಲ್ಲದಿದ್ದರೆ ತಿಳಿಸಿಬಿಡಿ ಎಂದರು. ನಾನು ರಾಜೀನಾಮೆಯ ಮೇಲ್ ಬರೆಯುವುದಕ್ಕೇ ಕೂತಿದ್ದೆ. ಅತ್ತೆ ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ನನ್ನ ಮುಂದೆ ಕೂತರು.

"ಗುಂಪಿನೊಳಗೆ ನುಗ್ಗು ಅಂತ ನಾ ಹೇಳಿದ್ನಾ? ಒಂದೊಂದೇ ಕರಿ. ಕೊಂಜ ದಿನ ಆಫೀಸು, ಕೊಂಜ ದಿನ ಮನೆಯಿಂದ. ಊಟ ಆದ್ಮೇಲೆ ಮಲಗಕ್ಕೆ ಜಾಗ ಕೊಡ್ತಾರಾ ಕೇಳು."

"ಅವರು ಆಗಲ್ಲ ಅಂದ್ರೆ?"

"ಅವರು ಅನ್ನಲಿ. ಅವರ ಪರವಾಗಿ ನೀನ್ಯಾಕೆ ಮುಂಚೇನೇ ಆಗಲ್ಲ ಅಂತೀ?"

ಫೋನ್ ಮಾಡಿದೆ. ಅತ್ತೆ ಪಕ್ಕದಲ್ಲೇ ಕೂತು, ನಾನು ಸಾರಿ ಎಂದಾಗಲೆಲ್ಲ ತೊಡೆಗೆ ಚಿವುಟುತ್ತಿದ್ದರು. ಮ್ಯಾನೇಜರ್ ಮೇಲಿನವರನ್ನು ಕೇಳುತ್ತೇನೆ ಎಂದರು. ಆ ವಾರವೇ ಉತ್ತರ ಬಂತು: ವಾರದಲ್ಲಿ ಎರಡು ದಿನ ಬಂದರೆ ಸಾಕು, ಮೊದಲು ಕೆಲವು ತಿಂಗಳು ನೋಡೋಣ. ಬರುವ ತಿಂಗಳು ಸೇರಬೇಕೆಂದು ಒಂದು ಸೋಮವಾರ ಗೊತ್ತಾಯಿತು. ಅತ್ತೆ ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು.

ಆ ಸೋಮವಾರವನ್ನು ಅವರು ನೋಡಲಿಲ್ಲ. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡಿದೆ ಎಂದರು. ಹತ್ತಿರದ ಆಸ್ಪತ್ರೆಗೆ ಕರೆದೊಯ್ದೆವು. ತುರ್ತು ವಾರ್ಡಿನಲ್ಲಿ ಗಂಡ ಔಷಧಿಗೆಂದು ಓಡಾಡುತ್ತಿದ್ದ, ನಾನು ಮಂಚದ ಪಕ್ಕ ಅವರ ಕೈ ಹಿಡಿದು ನಿಂತಿದ್ದೆ. ಮೂಗಿಗೆ ಆಕ್ಸಿಜನ್ ಹಾಕಿದ್ದರು. ಅದನ್ನು ಒಂದು ಕಡೆ ಸರಿಸಿ, ನರ್ಸಿಗೆ ತಮಿಳಿನಲ್ಲಿ, "ಇವಳು ಆಗಿನಿಂದ ನಿಂತೇ ಇದ್ದಾಳೆ, ಕೂರಲು ಏನಾದರೂ ಕೊಡಿ" ಎಂದರು. ಅವರು ಆಡಿದ ಕೊನೆಯ ಮಾತು ಅದೇ. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಅಮ್ಮ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಹದಿಮೂರನೆಯ ದಿನ, ವೈಕುಂಠ ಸಮಾರಾಧನೆಗೆ ಮನೆ ತುಂಬ ಜನ. ಊಟವಾದ ಮೇಲೆ ಹೆಂಗಸರೆಲ್ಲ ಹಾಲ್‌ನಲ್ಲಿ ಸೇರಿದ್ದರು. ಮಾವನವರ ಅಕ್ಕ ಎಲ್ಲರಿಗೂ ಕೇಳಿಸುವ ಹಾಗೆ, "ಸೊಸೆ ಕೂತಳು, ಅತ್ತೆ ಸೋತಳು. ಇನ್ನಾದ್ರೂ ಕೆಲಸ ಕೆಲಸ ಅಂತ ಕುಣೀದೆ ಮನೇಲಿ ಇರ್ಲಿ" ಎಂದರು. ಬಾಗಿಲ ಬಳಿ ನಿಂತಿದ್ದ ನನ್ನ ಗಂಡ ನೆಲ ನೋಡುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಆವತ್ತು ಬೆಳಿಗ್ಗೆಯಿಂದ ದುಡಿದು ನನ್ನ ಪಟ್ಟೆ ಕರಗುತ್ತ ಬಂದಿತ್ತು, ಆದ್ದರಿಂದ ಎದ್ದು ನಿಲ್ಲಲಿಲ್ಲ. ಕೂತಲ್ಲಿಂದಲೇ ಹೇಳಿದೆ.

"ಹೌದು ದೊಡ್ಡತ್ತೆ. ನನ್ನ ಕೂರಿಸಿದ್ದೂ ಅವ್ರೇ, ಎಬ್ಬಿಸಿದ್ದೂ ಅವ್ರೇ. ಸೋಮವಾರ ಆಫೀಸಿಗೆ ಹೋಗ್ತಿದೀನಿ."

ಗಂಡ ತಲೆಯೆತ್ತಿ, ಆ ಮನೆಯಲ್ಲಿ ನಾನು ಮೊದಲ ಬಾರಿ ಕೇಳಿದ ಅವನ ತೊದಲು ಕನ್ನಡದಲ್ಲಿ, "ಹೋಗ್ತಾಳೆ" ಎಂದ.

ಸೋಮವಾರ ಬೆಳಿಗ್ಗೆ ಕ್ಯಾಬ್ ಬಂತು. ಹೋದೆ.