ಅಜ್ಜಿ ಹೇಳಿದ ಸಾಕ್ಷಿ

ಸ್ನೇಹಿತರೇ, ಒಂಬತ್ತನೇ ತರಗತಿಯ ನನ್ನ ಮಗಳು ಮೇಘಾ ಇವತ್ತು ಅಜ್ಜಿಯ ಮೇಲೆ, ಅಂದರೆ ನನ್ನ ಆಯಿಯ ಮೇಲೆ, ಮುನಿಸಿಕೊಂಡಿದ್ದಾಳೆ.

ಬೆಳಿಗ್ಗೆ ಅಂಕೋಲೆಯಲ್ಲಿ ಶಾಲೆಗಳ ಕಬಡ್ಡಿ ಇತ್ತು. ತುಂಬಾ ಹೊತ್ತು ನಿಂತರೆ ಆಯಿಗೆ ಮೊಣಕಾಲು ನೋಯುತ್ತದೆಂದು ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಟ್ಟಿದ್ದರು. ಪಂದ್ಯ ಮುಗಿಯಲು ಒಂದು ನಿಮಿಷವಿತ್ತು, ಅಂಕಗಳು ಸಮ. ಮೇಘಾ ರೈಡಿಗೆ ಹೋಗಿ ಬಂದು, ಒಬ್ಬಳನ್ನು ಮುಟ್ಟಿದೆನೆಂದು ಕೈ ಎತ್ತಿದಳು. ಆ ಹುಡುಗಿ ಇಲ್ಲವೆಂದಳು. ಅಂಪೈರ್‌ಗೆ ಸರಿಯಾಗಿ ಕಂಡಿರಲಿಲ್ಲ. ಅವರು ತಮಾಷೆಗೆ ಆಯಿಯತ್ತ ತಿರುಗಿ, "ಅಜ್ಜಿ, ನೀವು ಕಂಡ್ರಾ?" ಎಂದರು.

"ಕಂಡೆ. ಮುಟ್ಲಿಲ್ಲ. ಒಂದು ಗೇಣು ದೂರ ಇತ್ತು."

ಅಂಕ ಸಿಗಲಿಲ್ಲ. ಮುಂದಿನ ರೈಡಿನಲ್ಲಿ ಎದುರಿನವರು ಒಂದು ಅಂಕ ಗಳಿಸಿ ಗೆದ್ದರು.

ಸಂಜೆ ಎಂದಿನಂತೆ ಮೂವರೂ ಬೆಳಂಬಾರದ ಕಡಲ ಕಡೆ ವಾಕಿಂಗ್ ಹೊರಟೆವು. ಮೇಘಾ ಇಪ್ಪತ್ತು ಹೆಜ್ಜೆ ಮುಂದೆಯೇ ನಡೆಯುತ್ತಿದ್ದಳು.

"ನೀ ಮುಟ್ಟಿದ್ಯೇನೆ?" ಆಯಿ ಕೂಗಿ ಕೇಳಿದರು.

"ಇಲ್ಲ."

"ಮತ್ತೆ ನನ್ಮೇಲೆ ಎಂತಕ್ಕೆ ಸಿಟ್ಟು?"

ಮೇಘಾ ನಿಂತು ತಿರುಗಿದಳು. "ಬೇರೆಯವ್ರ ಅಜ್ಜಿ ಹೇಳಿದ್ರೆ ಸಿಟ್ಟು ಬರ್ತಿರ್ಲಿಲ್ಲ."

ಹಾಗೆಂದವಳೇ ಮತ್ತೆ ಮುಂದೆ ನಡೆದಳು.

ಊಟಕ್ಕೆ ಕುಳಿತಾಗ ಆಯಿ ಬಂಗುಡೆ ಮೀನಿನ ನಡುವಿನ ತುಂಡುಗಳನ್ನು ಆರಿಸಿ ಮೊಮ್ಮಗಳ ತಟ್ಟೆಗೆ ಹಾಕಿದರು. ಅವಳು ಮುಖ ಊದಿಸಿಕೊಂಡೇ ಎಲ್ಲವನ್ನೂ ತಿಂದಳು. ನನಗೆ ಬಂದದ್ದು ಬಾಲ. ಈ ಇಡೀ ಜಗಳದಲ್ಲಿ ಬಾಯಿ ಬಿಡದೆ ಇದ್ದವನು ನಾನೊಬ್ಬನೇ.