ಅಪ್ಪನಿಗೆ ಮೊದಲ ಪಂಕ್ತಿ

ನಮ್ಮಪ್ಪ ಮದುವೆ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವರು. ಮೈಸೂರಿನ ಯಾವ ಛತ್ರದ ಒಲೆ ಹೇಗೆ ಉರಿಯುತ್ತದೆ ಎಂಬುದು ಅವರಿಗೆ ಬಾಯಿಪಾಠ. ಆದರೆ ಅವರು ಬಿಸಿ ಊಟ ಮಾಡಿದ್ದನ್ನು ನಾನು ಕಂಡಿರಲೇ ಇಲ್ಲ. ಕಡೇ ಪಂಕ್ತಿ ಎದ್ದ ಮೇಲೆಯೇ ಅಡುಗೆಯವರು ಕೂರಬೇಕು. ಅಷ್ಟು ಹೊತ್ತಿಗೆ ಅನ್ನ ಆರಿರುತ್ತಿತ್ತು, ಪಲ್ಯ ಖಾಲಿಯಾಗಿರುತ್ತಿತ್ತು. ಮನೆಯಲ್ಲೂ ಅದೇ ಅಭ್ಯಾಸ, ನಾವೆಲ್ಲ ಉಂಡ ಮೇಲೆ ಅವರ ತಟ್ಟೆ. ಕೇಳಿದರೆ ಬಿಸಿ ಊಟ ನನಗೆ ಒಗ್ಗಲ್ಲ ಎಂದು ನಗುತ್ತಿದ್ದರು. ಒಗ್ಗುವುದಿಲ್ಲವಂತೆ! ಇವರನ್ನು ಒಂದು ದಿನ ಮೊದಲ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿಸಿಯೇ ತೀರುತ್ತೇನೆ ಎಂದು ಹೈಸ್ಕೂಲಿನಲ್ಲಿದ್ದಾಗಲೇ ಹಠ ತೊಟ್ಟಿದ್ದೆ.

ಆ ಹಠ ನೈರೋಬಿಗೂ ನನ್ನ ಜತೆ ಬಂತು. ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಔಷಧಿ ಫ್ಯಾಕ್ಟರಿಯಲ್ಲಿ ನಾನು ಕ್ವಾಲಿಟಿ ಮ್ಯಾನೇಜರ್. ಅಪ್ಪನದು ಕೇಟರಿಂಗ್ ಬಿಸಿನೆಸ್ ಎಂದು ಆಫೀಸಿನಲ್ಲಿ ಹೇಳಿಕೊಂಡಿದ್ದೆ. ಕೇಳಿದವರು ದೊಡ್ಡ ಕಂಪನಿ, ಹತ್ತಾರು ಆಳು, ಎರಡು ಮೂರು ವ್ಯಾನು ಎಂದೆಲ್ಲ ಊಹಿಸಿಕೊಳ್ಳುತ್ತಿದ್ದರು. ನಾನು ತಿದ್ದಲು ಹೋಗುತ್ತಿರಲಿಲ್ಲ.

ಜುಲೈ ತಿಂಗಳಲ್ಲಿ ಅಪ್ಪ ಬಂದರು. ಕಿಲಿಮಾನಿಯ ನನ್ನ ಫ್ಲಾಟಿನಲ್ಲಿ ಮಂಕಿ ಟೋಪಿ ಹಾಕಿಕೊಂಡು, ಆಫ್ರಿಕಾ ಅಂದ್ರೆ ಸೆಕೆ ಅಂತ ಯಾರೇ ಹೇಳಿದ್ದು ನಂಗೆ ಎಂದು ಗೊಣಗುತ್ತಿದ್ದರು. ಬಂದ ಮೊದಲ ಭಾನುವಾರ ಸಂಜೆ ಅವರನ್ನು ಒಂದು ಗುಜರಾತಿ ಹೋಟೆಲಿಗೆ ಕರೆದುಕೊಂಡು ಹೋದೆ. ಆ ಹೋಟೆಲನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಅಲ್ಲಿ ಥಾಲಿ ಇಟ್ಟು, ಪಾತ್ರೆ ಹಿಡಿದು ಸಾಲಾಗಿ ಬಡಿಸುತ್ತಾ ಬರುತ್ತಾರೆ, ನಮ್ಮ ಪಂಕ್ತಿಯ ಹಾಗೆಯೇ. ಏಳು ಗಂಟೆಗೆ ಬಾಗಿಲು ತೆಗೆಯುತ್ತಲೇ ಮೊದಲು ಒಳಹೊಕ್ಕವರು ನಾವು.

ಉಬ್ಬಿದ ಪೂರಿ ಬಂತು, ಆಲೂಗೆಡ್ಡೆ ಪಲ್ಯ ಬಂತು, ದಾಲ್ ಬಂತು. ಬಡಿಸುವವನು ಅಪ್ಪನನ್ನು “ಮ್ಜೇ” ಎಂದು ಕರೆದ. ಇಲ್ಲಿ ಹಿರಿಯರನ್ನು ಹಾಗೆಯೇ ಕರೆಯುವುದು. ಅಪ್ಪನಿಗೆ ಬಲು ಖುಷಿಯಾಯಿತು. ಅಷ್ಟರಲ್ಲಿ ನನ್ನ ಫೋನು. ಫ್ಯಾಕ್ಟರಿಯಲ್ಲಿ ಒಂದು ಮಷೀನು ನಿಂತಿತ್ತು. ಒಂದೇ ನಿಮಿಷ, ನೀವು ಶುರು ಮಾಡಿ ಎಂದು ಹೇಳಿ ಹಿಂದುಗಡೆ ಕಾರು ನಿಲ್ಲಿಸುವ ಜಾಗಕ್ಕೆ ಹೋದೆ. ಒಂದು ನಿಮಿಷ ಎಲ್ಲಿ ಬಂತು, ಹತ್ತಿರ ಹತ್ತಿರ ಅರ್ಧ ಗಂಟೆ ಬಾಯಿ ಬಡಿದುಕೊಂಡೆ.

ವಾಪಸು ಬಂದು ನೋಡಿದರೆ ಅಪ್ಪ ಕುರ್ಚಿಯಲ್ಲಿಲ್ಲ. ಹೋಟೆಲು ತುಂಬಿಹೋಗಿತ್ತು. ಬಡಿಸುವವರು ಇಬ್ಬರೇ. ನಡುವಿನ ಉದ್ದ ಮೇಜಿನ ಹತ್ತಿರ ಅನ್ನದ ಪಾತ್ರೆಯನ್ನು ಎಡಗೈಯಲ್ಲಿ ಅಪ್ಪಿ ಹಿಡಿದು, ತೋಳು ಮಡಿಸಿಕೊಂಡು, ಒಬ್ಬ ಮುದುಕಿಯ ತಟ್ಟೆಗೆ ಬಗ್ಗಿ ಬಡಿಸುತ್ತಿದ್ದಾರೆ ನಮ್ಮಪ್ಪ! ಆ ಮುದುಕಿಯ ಪಕ್ಕದಲ್ಲಿ ಕೂತಿದ್ದವರು ನಮ್ಮ ಫ್ಯಾಕ್ಟರಿಯ ಡೈರೆಕ್ಟರು.

ಡೈರೆಕ್ಟರು ನನ್ನನ್ನು ಕಂಡು ಕೈ ಎತ್ತಿದರು. ಹೋಟೆಲಿನವರು ಒಳ್ಳೇ ಆಳನ್ನು ಇಟ್ಟುಕೊಂಡಿದ್ದಾರೆ, ನಮ್ಮಮ್ಮ ಕೇಳದೆಯೇ ಬಡಿಸುತ್ತಿದ್ದಾನೆ ನೋಡಿ ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ನಿಮ್ಮ ಕಡೆಯವನ ಹಾಗೆ ಕಾಣುತ್ತಾನೆ, ಗೊತ್ತೇನು ಎಂದೂ ಕೇಳಿದರು.

“ಇಲ್ಲ ಸರ್, ಗೊತ್ತಿಲ್ಲ,” ಎಂದುಬಿಟ್ಟೆ.

ನನ್ನ ನಾಲಿಗೆಗೆ ಬೆಂಕಿ ಬೀಳ. ಮಾರವಾಡಿಗಳ ಮದುವೆಗೆ ಅಡುಗೆ ಮಾಡಿ ಮಾಡಿ ಅಪ್ಪನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಅವರ ಕೈಯ ಸೌಟು ಒಂದು ಗಳಿಗೆ ನಿಂತಿತು. ಆಮೇಲೆ ಮುದುಕಿಯ ಅನ್ನಕ್ಕೆ ತುಪ್ಪ ಹಾಕಿ, ಪಾತ್ರೆಯನ್ನು ಅದರ ಜಾಗದಲ್ಲಿಟ್ಟು, ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತಾ ನನ್ನ ಪಕ್ಕದಲ್ಲೇ ಹಾದು ಹೊರಗೆ ಹೋದರು. ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಡೈರೆಕ್ಟರಿಗೆ ತಿಳಿದುಬಿಡುತ್ತಿತ್ತು.

ಅಪ್ಪನ ತಟ್ಟೆ ಬಡಿಸಿದ್ದು ಬಡಿಸಿದ ಹಾಗೆಯೇ ಇತ್ತು. ಪೂರಿ ಚಪ್ಪಟೆಯಾಗಿತ್ತು. ನಾನು ಬರಲಿ ಎಂದು ಕಾದಿದ್ದಾರೆ. ಆಗಲಾದರೂ ಹೋಗಿ ಕೈಹಿಡಿದು ಕರೆತಂದು, ಇವರು ನಮ್ಮ ತಂದೆ ಎನ್ನಬಹುದಿತ್ತು. ನಾನು ಮಾಡಿದ್ದೇನು? ಕುರ್ಚಿಯ ಮೇಲಿದ್ದ ಮಂಕಿ ಟೋಪಿಯನ್ನು ಯಾರೂ ನೋಡದ ಹಾಗೆ ಬ್ಯಾಗಿಗೆ ತುರುಕಿ, ಬಿಲ್ಲು ಕೊಟ್ಟು ಹೊರಬಿದ್ದೆ.

ಗೇಟಿನ ಹತ್ತಿರ ಚಳಿಯಲ್ಲಿ ಕೈಕಟ್ಟಿಕೊಂಡು ನಿಂತಿದ್ದರು. ಟ್ಯಾಕ್ಸಿಯಲ್ಲಿ ಬ್ಯಾಗಿನಿಂದ ಟೋಪಿ ತೆಗೆದುಕೊಟ್ಟೆ, ಹಾಕಿಕೊಂಡರು. ಆಮೇಲೆ ಅವರೇ ಮಾತು ಶುರು ಮಾಡಿದರು.

“ಆ ಅಜ್ಜಿಗೆ ಹಲ್ಲಿಲ್ಲ ಪುಟ್ಟಿ. ಪೂರಿ ಮುರ್ಕೊಂಡು ಸುಮ್ನೆ ಕೂತಿದ್ರು. ನೋಡ್ಕೊಂಡು ಕೂರಕ್ಕಾಗ್ಲಿಲ್ಲ.”

“ಅಪ್ಪ, ನಾನು...”

“ಇರ್ಲಿ ಬಿಡು. ಕೆಲಸದ ಜಾಗ. ನಾನೇ ಎದ್ದೋಗ್ಬಾರ್ದಿತ್ತು.”

ತಪ್ಪಾಯಿತು ಎಂದು ನಾನು ಹೇಳಲೇ ಇಲ್ಲ. ಮನೆಗೆ ಬಂದ ಮೇಲೆ ನಾನು ಮೊದಲು ತಿನ್ನುವವರೆಗೂ ಅವರು ತಟ್ಟೆ ಮುಟ್ಟಲಿಲ್ಲ. ಆಮೇಲೆ ಫ್ರಿಜ್ಜಿನಲ್ಲಿದ್ದ ಅನ್ನಕ್ಕೆ ಮೊಸರು ಕಲಸಿಕೊಂಡು ತಿಂದು ಮಲಗಿದರು. ಉಳಿದ ದಿನಗಳಲ್ಲಿ ನಾನು ಎಲ್ಲಿಗೆ ಕರೆದರೂ, ಹೋಟೆಲೆಲ್ಲ ಯಾಕೆ, ನಾನೇ ಮಾಡಿ ಹಾಕ್ತೀನಿ ಎನ್ನುತ್ತಿದ್ದರು. ಮಾಡಿ ಹಾಕಿದರು ಕೂಡ. ನಾನು ಉಂಡೆ.

ದೀಪಾವಳಿಗೆ ಫ್ಯಾಕ್ಟರಿಯ ಪೂಜೆಯಲ್ಲಿ ಡೈರೆಕ್ಟರ ತಾಯಿ ಸಿಕ್ಕಿದ್ದರು. ಆ ಹೋಟೆಲಿಗೆ ಮತ್ತೆ ಹೋಗಿದ್ದೆವು, ಅನ್ನ ಬಡಿಸಿದವನು ಕಾಣಲಿಲ್ಲ, ಪಾಪ ಕೆಲಸ ಬಿಟ್ಟನೋ ಏನೋ ಎಂದರು. ಅವತ್ತೂ ನಾನು ಬಾಯಿಬಿಡಲಿಲ್ಲ. ಮುಂದಿನ ಸಲ ಅಪ್ಪ ಬಂದಾಗ ಇವರ ಮನೆಗೇ ಕರೆದುಕೊಂಡು ಹೋಗಿ ಎಲ್ಲ ಹೇಳಿಬಿಡೋಣ ಎಂದುಕೊಂಡೆ. ಮುಂದಿನ ಸಲ ಬರಲಿಲ್ಲ. ಮಾರನೇ ವರ್ಷ ಅಪ್ಪ ಹೋಗಿಬಿಟ್ಟರು.

ಹನ್ನೊಂದನೆಯ ದಿನ ಮೈಸೂರಿನಲ್ಲಿ ತಿಥಿ. ಅಪ್ಪನ ಕೈಕೆಳಗೆ ಪಳಗಿದವರೇ ಬಂದು ಅಡುಗೆ ಮಾಡಿದರು. ಯಾರೂ ಕೂರುವ ಮೊದಲು ಫೋಟೋದ ಮುಂದೆ ಎಲೆ ಹಾಸಿ ಎಡೆ ಇಡಬೇಕು. ನಾನೇ ಬಡಿಸುತ್ತೇನೆ ಎಂದು ಹಠ ಮಾಡಿದೆ. ಆಗತಾನೇ ಒಲೆಯಿಂದ ಇಳಿಸಿದ ಅನ್ನ, ಕುದಿಯುವ ಸಾರು, ಬಾಣಲೆಯಿಂದ ತೆಗೆದ ವಡೆ. ಹಬೆಗೆ ಫೋಟೋದ ಗಾಜು ಮಬ್ಬಾಯಿತು. ಬಂದವರೆಲ್ಲ ಹಸಿದುಕೊಂಡು ಕಾಯುತ್ತಿದ್ದರು. ಅಪ್ಪ ಮೊದಲ ಪಂಕ್ತಿಯಲ್ಲಿ ಕೂತದ್ದು ಅವತ್ತೇ.

ಆಮೇಲೆ ಪಾತ್ರೆ ಎತ್ತಿಕೊಂಡು ಎಲ್ಲರಿಗೂ ಬಡಿಸಲು ಹೊರಟೆ. ಗುರುತಿಲ್ಲದ ಅಜ್ಜಿಯೊಬ್ಬರು ತಲೆಯೆತ್ತಿ, ನೀನು ಯಾರಮ್ಮ ಎಂದು ಕೇಳಿದರು.

“ಅಡುಗೆಯವರ ಮಗಳು,” ಎಂದೆ. ಅವರಿಗೆ ಕೇಳಿಸಿತ್ತು. ಆದರೂ ಇನ್ನೊಂದು ಸಲ ಜೋರಾಗಿ ಹೇಳಿದೆ.