ಅರ್ಧ ಇಳಿಸಿದ ಷಟರ್

ಗೆಳೆಯರೇ, ಅಂಗಡಿಯಲ್ಲಿ ಧ್ಯಾನಕ್ಕೆ ಕೂರುವವರು ಪಕ್ಕದವರಿಗೆ ಹೇಳಿ ಕೂರಿ.

ಇಂದು ಬೆಳಿಗ್ಗೆ ಉದಗೀರದ ನನ್ನ ಬಟ್ಟೆ ಅಂಗಡಿಯಲ್ಲಿ ಷಟರ್ ಅರ್ಧ ಇಳಿಸಿ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತೆ. ಮೊದಲ ದಿನ. ಮನಸ್ಸು ಒಂದು ಕ್ಷಣವೂ ನಿಲ್ಲಲಿಲ್ಲ. ಹೊರಗಿನ ಬಜಾರ ಮಾತ್ರ ಯಾಕೋ ತಣ್ಣಗಾಯಿತು.

ಕಣ್ಣು ತೆರೆದರೆ ಎದುರಿಗೆ ಪಕ್ಕದ ಕಿರಾಣಿ ಅಂಗಡಿಯ ಬಸಣ್ಣ ಕಾಕಾ. ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಜಗಳವಾಡಿ ಎರಡು ವರ್ಷದಿಂದ ನನ್ನೊಡನೆ ಮಾತು ಬಿಟ್ಟವರು. ಅವರ ಕಣ್ಣು ಒದ್ದೆಯಾಗಿತ್ತು.

"ಯಾರ್ ಹೋದ್ರೋ ತಮ್ಮಾ? ನಿಮ್ಮವ್ವ ಏನು?"

ನಮ್ಮ ಬಜಾರದಲ್ಲಿ ಷಟರ್ ಅರ್ಧ ಇಳಿದರೆ ಮನೆಯಲ್ಲಿ ಸಾವಾಗಿದೆ ಎಂದರ್ಥ. ನಾನದನ್ನು ಮರೆತೇಬಿಟ್ಟಿದ್ದೆ. ಸಾಲಿನ ಅಂಗಡಿಗಳೆಲ್ಲ ಷಟರ್ ಅರ್ಧಕ್ಕೆ ಇಳಿಸಿ ನಿಂತಿದ್ದವು.

"ಯಾರೂ ಹೋಗಿಲ್ರೀ ಕಾಕಾ. ಧ್ಯಾನ ಮಾಡ್ಲತಿದ್ದೆ. ಅವ್ವ ಮನ್ಯಾಗ ರೊಟ್ಟಿ ಬಡೀಲತ್ಯಾಳ."

"ಕಮಾಲ ಇದ್ದಿ ನೀ! ಆಕಿ ಆತ್ಮಕ್ಕ ಶಾಂತಿ ಸಿಗ್ಲಿ ಅಂತ ನಾ ಐದು ನಿಮಿಷ ಕಣ್ ಮುಚ್ಚಿ ನಿಂತೀನಲ್ಲೋ!"

ಬೈದರು. ಬೈಯುತ್ತಲೇ ನನ್ನ ಗಾದಿಯ ಮೇಲೆ ಕುಳಿತು ಎರಡು ಚಹಾ ಹೇಳಿದರು. ಎದ್ದು ಹೋಗುವಾಗ ಕೇಳಿದರು: "ನಾಳಿ ಎಷ್ಟಕ್ಕ ಕೂಡ್ತಿ?"

ಇಂದು ಮನಸ್ಸಿಟ್ಟು ಧ್ಯಾನ ಮಾಡಿದ್ದು ಕಾಕಾ ಒಬ್ಬರೇ. ನಾನು ಬರೀ ಷಟರ್ ಇಳಿಸಿದವನು.